ಪೀಣ್ಯಕ್ಕೆ ಮುಟ್ಟುವ ಮೊರೆ

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಣ ದಾಳಿಗೆ ಹೊರಟ ಕೊಡಗಿನ ವೀರ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಹಿಂದಿರುಗಲಿಲ್ಲ; ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗಶಾಲಿಯಾದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರನ್ನು ಕೆಡವಿಯೇ ಅವರು ಮಡಿದರೆಂಬ ವೃತ್ತಾಂತವು ನಮ್ಮವರಿಗೆ ತಿಳಿಯಲು ವರ್ಷಗಳೇ ಹಿಡಿದು, ಮಹಾವೀರ ಚಕ್ರವು ಮರಣೋತ್ತರವಾಗಿ ಸಂದದ್ದು 1988ರಲ್ಲಿ. ವೈಮಾನಿಕನು ಬಿದ್ದುದೆಲ್ಲಿ, ಬದುಕಿರುವನೋ ಇಲ್ಲವೋ ಎಂಬ ಈ ಅನಿಶ್ಚಯವನ್ನು ನೀಗಲೆಂದೇ ಹುಟ್ಟಿದ್ದು ತುರ್ತು ರೇಡಿಯೋ ಬೀಕನ್.

ಎರಡನೆಯ ಮಹಾಯುದ್ಧದಲ್ಲಿ ಕಡಲಿಗೆ ಬಿದ್ದ ಅಮೆರಿಕದ ವೈಮಾನಿಕರು ಕಾಲುಗಳ ನಡುವೆ ಇರುಕಿಕೊಂಡು, ಗಾಳಿಪಟದಿಂದ ತಂತಿಯನ್ನು ಮೇಲೇರಿಸಿ, ಹಿಡಿ ತಿರುಗಿಸುತ್ತ ಮೊರೆಯಿಡುತ್ತಿದ್ದ ಪೆಟ್ಟಿಗೆಗೆ, ಅದರ ಸಪೂರ ನಡುವನ್ನು ಕಂಡವರು ಅಂಥದೇ ನಡುವಿನ ಚಿತ್ರಸುಂದರಿಯ ನೆನಪಿನಲ್ಲಿ 'ಗಿಬ್ಸನ್ ಗರ್ಲ್' ಎಂಬ ರಸಿಕ ನಾಮಧೇಯವನ್ನಿತ್ತಿದ್ದರು. ಇಂದಿನ ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ, ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಮಾತ್ರ ನುಡಿದು ತನ್ನ ಗುರುತಿನ ಸಂಖ್ಯೆಯನ್ನು ಕಾಸ್ಪಾಸ್-ಸಾರ್ಸ್ಯಾಟ್ ಎಂಬ ಅಂತರರಾಷ್ಟ್ರೀಯ ಶೋಧ-ರಕ್ಷಣಾ ವ್ಯವಸ್ಥೆಯ ಉಪಗ್ರಹಗಳಿಗೆ ಅರುಹುತ್ತದೆ. ಸಮೀಪಿಸುವ ರೈಲಿನ ಶಿಳ್ಳೆ ದಾಟಿಹೋದೊಡನೆ ಇಳಿಯುವಂತೆ, ಉಪಗ್ರಹವು ಹಾದುಹೋಗುವಾಗ ಕಂಪನಾಂಕದಲ್ಲಾಗುವ ಏರಿಳಿತದಿಂದಲೇ ಬೀಕನ್ನಿನ ನೆಲೆಯನ್ನು ಸುಮಾರು 5 ಕಿಲೋಮೀಟರಿನೊಳಗೆ ಗಣಿಸಬಹುದು. ಜಿಪಿಎಸ್ ಕೂಡಿದ್ದರೆ ಇನ್ನೂ ನಿಖರ.

ಬೆಂಗಳೂರಿನ ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ ಹಸಿರು ಮಾರ್ಗದ ಮೆಟ್ರೋ ಏರಿದವರು ನೇರವಾಗಿ ಹೋಗಿ ಇಳಿಯಬಹುದಾದ ಪೀಣ್ಯದಲ್ಲಿಯೇ, ಇಸ್ರೋದ ಇಸ್ಟ್ರಾಕ್ ಸಂಸ್ಥೆಯಲ್ಲಿ, ಈ ಉಪಗ್ರಹ ವ್ಯವಸ್ಥೆಯ ಭಾರತೀಯ ನಿಯಂತ್ರಣ ಕೇಂದ್ರವಿದೆ; ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್‌ಗಳವಷ್ಟೇ ಅಲ್ಲ, ಆಫ್ರಿಕದ ತಾಂಜಾನಿಯಾದ ಮೊರೆಗಳನ್ನೂ ಇದೇ ನಿರ್ವಹಿಸುತ್ತದೆ. ಇಸ್ರೋ ಬಡಾವಣೆಯನ್ನೇ ಮಗ್ಗುಲಲ್ಲಿಟ್ಟುಕೊಂಡ ನಮ್ಮ ದಕ್ಷಿಣ ಬೆಂಗಳೂರಿಗರಲ್ಲಿ ಎಷ್ಟು ಮಂದಿ ಇದನ್ನು ಬಲ್ಲರೋ!

ಆದರೆ ಕಡಲಲ್ಲಿ ಸಿಲುಕಿದ ನಾವಿಕನ ಮೊರೆಯನ್ನು ಲೋಕವೆಲ್ಲ ಕೇಳಿದಷ್ಟೂ ಒಳಿತು. ಯೋಧನದಾದರೋ ಮಿತ್ರರಿಗೆ ಮಾತ್ರ ಕೇಳಬೇಕು. ವಿಯೆಟ್ನಾಂ ಯುದ್ಧದಲ್ಲಿ ವೈರಿಗಳು ಕೈಗೆ ಸಿಕ್ಕ ಬೀಕನ್‌ಗಳನ್ನು ತಾವೇ ನುಡಿಸಿ ರಕ್ಷಕರನ್ನು ಬಲೆಗೆ ಸೆಳೆದುದುಂಟು. 1995ರ ಜೂನ್ 2ರಂದು ಬೋಸ್ನಿಯಾದಲ್ಲಿ ಬಿದ್ದ ಅಮೆರಿಕದ ವೈಮಾನಿಕ ಸ್ಕಾಟ್ ಓಗ್ರೇಡಿ ಪೊದೆಗಳಲ್ಲಿ ಅಡಗಿ, ರೇಡಿಯೋವನ್ನು ಲೋಭಿಯಂತೆ ಬಳಸಿ, 8ರಂದು ಪಾರಾದನು. ಆದಕಾರಣವೇ ಈಗಿನ ಸೈನಿಕ ಸಾಧನಗಳು ಸಂಕೇತಲಿಪಿಯಲ್ಲಿ, ಕ್ಷಣಾರ್ಧದಲ್ಲಿ ನುಡಿದು ಮೌನವಾಗುತ್ತವೆ.

ಹಳೆಯ ಬೀಕನ್‌ಗಳು ನುಡಿಯುತ್ತಿದ್ದ 121.5 ಮತ್ತು 243 ಮೆಗಾಹರ್ಟ್ಸ್‌ಗಳನ್ನು ಆಲಿಸುವುದನ್ನು ಉಪಗ್ರಹ ವ್ಯವಸ್ಥೆಯು 2009ರ ಫೆಬ್ರುವರಿ 1ರಂದೇ ನಿಲ್ಲಿಸಿತು. ಅದಾಗಿ ಹತ್ತು ವರ್ಷಗಳ ಮೇಲೆ, 2019ರ ಜೂನ್ 3ರಂದು, ಅಸ್ಸಾಮಿನ ಜೋರ್ಹಾಟ್‌ನಿಂದ ಅರುಣಾಚಲದ ಮೆಚುಕಾಕ್ಕೆ 13 ಮಂದಿಯೊಡನೆ ಹೊರಟು ಕಣ್ಮರೆಯಾದ ವಾಯುಪಡೆಯ ಎಎನ್-32 ವಿಮಾನದಲ್ಲಿದ್ದುದು ಹಳೆಯ ಮಾದರಿಯ ಬೀಕನ್ನೇ ಎಂದು ಪತ್ರಿಕೆಗಳು ವರದಿ ಮಾಡಿದವು. ಅವಶೇಷವನ್ನು ಎಂಟು ದಿನಗಳ ಬಳಿಕ ಕಂಡುಹಿಡಿದುದು ಉಪಗ್ರಹವಲ್ಲ, ಹೆಲಿಕಾಪ್ಟರ್.