ಬಾನೆಟ್ಟಿನ ಕೆಳಗಿನ ಸಿಂಗಾರ

ಇಟಾಲಿಯನ್ ಭಾಷೆಯಲ್ಲಿ ಟೆಸ್ಟಾ ರೊಸ್ಸಾ ಎಂದರೆ ಕೆಂಪು ತಲೆ. ಫೆರಾರಿ ಕಂಪನಿ 1956ರಲ್ಲಿ ತನ್ನ ನಾಲ್ಕು ಸಿಲಿಂಡರಿನ ರೇಸ್ ಕಾರಿಗೂ, ಮರುವರ್ಷ ಹನ್ನೆರಡು ಸಿಲಿಂಡರಿನ 250 ಮಾದರಿಗೂ ಈ ಹೆಸರಿಟ್ಟಿತು. ಹೆಸರು ಬಂದದ್ದು ಕಾರಿನ ಮೈಬಣ್ಣದಿಂದಲ್ಲ. ಎಂಜಿನ್ನಿನ ನೆತ್ತಿಯ ಮೇಲೆ ಕೂರುವ ಮುಚ್ಚಳವನ್ನು ನಮ್ಮ ಗ್ಯಾರೇಜುಗಳಲ್ಲಿ ಟ್ಯಾಪೆಟ್ ಕವರ್ ಅನ್ನುತ್ತಾರಲ್ಲ, ಅದಕ್ಕೆ ಬಳಿದ ಕೆಂಪಿನಿಂದ. ಬಾನೆಟ್ ಮುಚ್ಚಿದರೆ ಯಾರಿಗೂ ಕಾಣದ ಬಣ್ಣ ಅದು. ಆ 250 ಟೆಸ್ಟಾ ರೊಸ್ಸಾ 1958, 1960 ಮತ್ತು 1961ರಲ್ಲಿ ಲ ಮಾನ್‌ನ 24 ಗಂಟೆಗಳ ಓಟವನ್ನು ಗೆದ್ದಿತು. 1984ರಲ್ಲಿ ಅದೇ ಹೆಸರನ್ನು ಒಂದೇ ಪದವಾಗಿಸಿ ರಸ್ತೆಯ ಕಾರಿಗೆ ಇಟ್ಟಾಗ ಮುಚ್ಚಳಗಳಿಗೆ ಮತ್ತೆ ಅದೇ ಕೆಂಪು ಬಂತು. ಒಂದು ಡಬ್ಬಿ ಬಣ್ಣ ಕಾರಿಗೆ ಹೆಸರನ್ನೇ ಕೊಟ್ಟಿತು ಎಂದಮೇಲೆ, ಎಂಜಿನ್ ಕೂರುವ ಜಾಗವನ್ನು ಸಿಂಗರಿಸುವುದು ಕೆಲಸವಿಲ್ಲದ ಶ್ರೀಮಂತರ ಹುಚ್ಚು ಎಂದು ತಳ್ಳಿಹಾಕುವ ಮುನ್ನ ಸ್ವಲ್ಪ ಯೋಚಿಸಬೇಕಾಗುತ್ತದೆ.

ಸ್ಪೋರ್ಟ್ಸ್ ಕಾರುಗಳ ಎಂಜಿನ್ ಸಿಂಗಾರ ಇಂದು ದೊಡ್ಡ ವ್ಯಾಪಾರ. ಬಫ್ ಮಾಡಿದ ಅಲ್ಯೂಮಿನಿಯಂ, ಕ್ರೋಮ್ ಹಾಕಿದ ಮುಚ್ಚಳ, ನೀಲಿ ಕೆಂಪು ಸಿಲಿಕೋನ್ ಹೋಸುಗಳು, ಕಾರ್ಬನ್ ಫೈಬರ್ ಹಲಗೆಗಳು, ಎಲ್‌ಇಡಿ ದೀಪಗಳು ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಇದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬುದು ಬರೀ ರುಚಿಯ ಮಾತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಂಜಿನ್ ಮಾಡುವ ಕೆಲಸವನ್ನು ಕಣ್ಣಿಗೆ ತೋರಿಸುವ ಅಥವಾ ಆ ಕೆಲಸದಲ್ಲಿ ಕೈಜೋಡಿಸುವ ಸಿಂಗಾರ ಒಳ್ಳೆಯದು. ಅದನ್ನು ಮರೆಮಾಚುವುದು ಕೆಟ್ಟದ್ದು. ಇದಕ್ಕೆ ಸಾಕ್ಷಿ ಕಾರುಗಳ ಚರಿತ್ರೆಯಲ್ಲೇ ಇದೆ.

ಜಾಗ್ವಾರ್ ಕಂಪನಿಯ ಎಕ್ಸ್‌ಕೆ ಎಂಜಿನ್ನನ್ನು ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೊವೆಂಟ್ರಿಯ ಕಾರ್ಖಾನೆಗೆ ಬಾಂಬಿನ ಬೆಂಕಿ ಬೀಳದಂತೆ ರಾತ್ರಿ ಕಾವಲು ಕೂರಬೇಕಿತ್ತು. ಆ ಪಾಳಿಗಳಲ್ಲಿ ವಿಲಿಯಂ ಹೇನ್ಸ್ ಮತ್ತು ಸಂಗಡಿಗರು ಚರ್ಚಿಸಿ ರೂಪಿಸಿದ ಎಂಜಿನ್ ಇದು. 1948ರ ಲಂಡನ್ ಪ್ರದರ್ಶನದಲ್ಲಿ ಎಕ್ಸ್‌ಕೆ 120 ಕಾರಿನೊಳಗೆ ಕೂತು ಹೊರಬಂತು. ಮಾಲೀಕ ವಿಲಿಯಂ ಲಯನ್ಸ್‌ಗೆ ಎಂಜಿನ್ ಬಲಶಾಲಿಯಾಗಿದ್ದರೆ ಸಾಲದು, ನೋಡಲೂ ಚೆನ್ನಾಗಿರಬೇಕಿತ್ತು. ಹಾಗಾಗಿ ಎರಡು ಕ್ಯಾಮ್‌ಶಾಫ್ಟುಗಳ ಮೇಲೆ ಕನ್ನಡಿಯಂತೆ ಹೊಳೆಯುವ ಎರಡು ಉದ್ದನೆಯ ಅಲ್ಯೂಮಿನಿಯಂ ಮುಚ್ಚಳಗಳು ಬಂದವು. ಈ ಹೊಳಪು ಸುಳ್ಳು ಹೇಳುವುದಿಲ್ಲ. ಆ ಕಾಲಕ್ಕೆ ಎರಡು ಓವರ್‌ಹೆಡ್ ಕ್ಯಾಮ್‌ಶಾಫ್ಟ್ ಹೆಚ್ಚಾಗಿ ರೇಸ್ ಕಾರುಗಳಿಗೆ ಮೀಸಲಾದ ಏರ್ಪಾಡು. ಮುಚ್ಚಳಗಳು ಎರಡಿವೆ ಎಂದರೆ ಕೆಳಗೆ ಶಾಫ್ಟುಗಳೂ ಎರಡಿವೆ ಎಂದು ಬಾನೆಟ್ ಎತ್ತಿದವನಿಗೆ ತಟ್ಟನೆ ತಿಳಿಯುತ್ತಿತ್ತು. ಎಂಜಿನ್ನಿನ ಒಂದು ಬದಿಯ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಕಪ್ಪು ಪಿಂಗಾಣಿ ಲೇಪ, ಹಳೆಯ ಎನಾಮೆಲ್ ತಟ್ಟೆಗಳ ಮೇಲಿರುವಂಥದ್ದು. ನೋಡಲು ಚೆಂದ ನಿಜ, ಆದರೆ ಬೀಡುಕಬ್ಬಿಣ ತುಕ್ಕು ಹಿಡಿಯದಂತೆ ಕಾಯುವುದೂ ಅದೇ ಲೇಪ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಅಮೆರಿಕದ ಷೆವರ್ಲೆ ಕಾರ್ವೆಟ್‌ನದು. 1953ರಲ್ಲಿ ಶುರುವಾದ ಈ ಕಾರು ಮೊದಲ ವರ್ಷ ತಯಾರಾದದ್ದು ಬರೀ 300. ಅದರ ಮೈ ತಗಡಿನದಲ್ಲ, ಫೈಬರ್‌ಗ್ಲಾಸ್‌ನದು. ಆ ದಶಕಗಳ ಕಾರ್ವೆಟ್‌ಗಳ ಬಾನೆಟ್ ತೆರೆದರೆ ಡಿಸ್ಟ್ರಿಬ್ಯೂಟರ್ ಮತ್ತು ಪ್ಲಗ್ ವೈರುಗಳ ಮೇಲೆ ಫಳಫಳ ಹೊಳೆಯುವ ಲೋಹದ ಕವಚಗಳು ಕಾಣುತ್ತವೆ. ಮೊದಲ ಸಲ ನೋಡುವವರು ಇದನ್ನು ಅಮೆರಿಕನ್ನರ ಕ್ರೋಮ್ ವ್ಯಾಮೋಹ ಅಂದುಕೊಳ್ಳುವುದು ಸಹಜ. ನಿಜವಾದ ಕಾರಣ ರೇಡಿಯೋ. ಸ್ಪಾರ್ಕ್ ಪ್ಲಗ್ಗಿನಲ್ಲಿ ಸಾವಿರಾರು ವೋಲ್ಟಿನ ಕಿಡಿ ಹಾರಿದಾಗಲೆಲ್ಲ ರೇಡಿಯೋ ತರಂಗಗಳೂ ಹೊಮ್ಮುತ್ತವೆ; ಮಾರ್ಕೋನಿಯ ಕಾಲದ ನಿಸ್ತಂತು ಯಂತ್ರಗಳು ಕಿಡಿಯಿಂದಲೇ ಸಂದೇಶ ಕಳಿಸುತ್ತಿದ್ದವು ಎಂಬುದನ್ನು ನೆನೆದರೆ ಇದು ಅರ್ಥವಾಗುತ್ತದೆ. ಸಾಮಾನ್ಯ ಕಾರಿನಲ್ಲಿ ಉಕ್ಕಿನ ಬಾನೆಟ್ಟು ಈ ತರಂಗಗಳನ್ನು ತಡೆದು ನಿಲ್ಲಿಸುತ್ತದೆ. ಫೈಬರ್‌ಗ್ಲಾಸ್ ತಡೆಯುವುದಿಲ್ಲ. ಹಾಗೇ ಬಿಟ್ಟರೆ ಕಾರಿನ ರೇಡಿಯೋದಲ್ಲಿ ಹಾಡಿನ ಬದಲು ಗೊರಗೊರ ಸದ್ದು. ಅದನ್ನು ತಡೆಯಲು ಕಿಡಿಯ ದಾರಿಯನ್ನೇ ಲೋಹದ ಪೆಟ್ಟಿಗೆಯೊಳಗೆ ಇಟ್ಟರು, ಇಡುವುದು ಇಟ್ಟಾಯಿತು ಎಂದು ಅದಕ್ಕೆ ಹೊಳಪನ್ನೂ ಕೊಟ್ಟರು. ಅರವತ್ತರ ದಶಕದಲ್ಲಿ ರೇಡಿಯೋ ಬೇಡ ಎಂದು ಬರೆಸಿದ ಗ್ರಾಹಕನ ಕಾರಿಗೆ ಈ ಕವಚ ಬರುತ್ತಲೇ ಇರಲಿಲ್ಲ. ಒಡವೆಯಂತೆ ಕಂಡದ್ದು ವಾಸ್ತವದಲ್ಲಿ ಸಲಕರಣೆ. ಇಂದು ಈ ಕಾರುಗಳನ್ನು ಸಂಗ್ರಹಿಸುವವರು ಆ ಕವಚ ಇದೆಯೋ ಇಲ್ಲವೋ ಎಂದು ಮೊದಲು ನೋಡುವುದು ಅದಕ್ಕೇ.

ಸಿಂಗಾರಕ್ಕೂ ಕೆಲಸಕ್ಕೂ ನಂಟು ಬೀಳುವ ಇನ್ನೊಂದು ಜಾಗ ಶಾಖ. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರ ತಿರುಗಿಸಲು ಒದಗುತ್ತದೆ, ಉಳಿದದ್ದೆಲ್ಲ ಹೆಚ್ಚುಕಡಿಮೆ ಬಿಸಿಯಾಗಿ ಹೊರಹೋಗಬೇಕು. ಆ ಇಕ್ಕಟ್ಟಿನಲ್ಲಿ ಯಾವ ಮೇಲ್ಮೈ ಹೇಗಿದೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಹೊಳೆಯುವ ಲೋಹ ಶಾಖದ ಕಿರಣಗಳನ್ನು ಹಿಂದಕ್ಕೆ ಎಸೆಯುತ್ತದೆ, ಮಂಕು ಕಪ್ಪು ಬಣ್ಣ ಅವನ್ನು ಹೀರುತ್ತದೆ, ಹಾಗೆಯೇ ಬೇಗ ಹೊರಸೂಸುತ್ತದೆ. ರೇಡಿಯೇಟರುಗಳಿಗೆ ಕಪ್ಪು ಬಳಿಯುವುದು, ಎಕ್ಸಾಸ್ಟ್ ಪೈಪಿನ ಬಳಿ ಬೆಳ್ಳಿಬಣ್ಣದ ಹಾಳೆ ಅಡ್ಡ ಹಿಡಿಯುವುದು ಎರಡೂ ಒಂದೇ ತತ್ವದ ಎರಡು ಮುಖಗಳು. ಗಾರ್ಡನ್ ಮರ್ರೆ ರೂಪಿಸಿದ, 1992ರಲ್ಲಿ ಹೊರಬಂದ ಮೆಕ್‌ಲಾರೆನ್ ಎಫ್1 ಕಾರಿನಲ್ಲಿ ಬಿಎಂಡಬ್ಲ್ಯೂನ ಹನ್ನೆರಡು ಸಿಲಿಂಡರಿನ ಎಂಜಿನ್ ಕೂರುವ ಜಾಗಕ್ಕೆ ಚಿನ್ನದ ಹಾಳೆ ಹೊದಿಸಿದ್ದಾರೆ. ಕೇಳಿದರೆ ಮದುವೆ ಮಂಟಪದ ಆಡಂಬರ ಅನ್ನಿಸುತ್ತದೆ. ಆದರೆ ಶಾಖದ ಕಿರಣಗಳನ್ನು ಚಿನ್ನದಷ್ಟು ಚೆನ್ನಾಗಿ ಹಿಂದಿರುಗಿಸುವ, ಚಿನ್ನದಂತೆ ಎಂದೂ ಮಾಸದ ಲೋಹ ಬೇರೊಂದು ಸುಲಭವಾಗಿ ಸಿಗುವುದಿಲ್ಲ. ಸುತ್ತಲೂ ಕಾರ್ಬನ್ ಫೈಬರ್ ಇರುವಾಗ ಆ ಕಾಪು ಬೇಕೇಬೇಕಿತ್ತು.

ಇದೇ ಶಾಖದ ಲೆಕ್ಕ ಹಿಡಿದು ಹೊರಟರೆ ಮಾರುಕಟ್ಟೆಯ ಬಲು ಜನಪ್ರಿಯ ಅಲಂಕಾರವೊಂದರ ಬಣ್ಣ ಬಯಲಾಗುತ್ತದೆ. ಕಂಪನಿಯ ಕಪ್ಪು ಡಬ್ಬಿಯನ್ನು ಕಿತ್ತು, ಅದರ ಜಾಗದಲ್ಲಿ ಶಂಕುವಿನಾಕಾರದ ಏರ್ ಫಿಲ್ಟರನ್ನು ಬಯಲಿಗೆ ಕೂರಿಸುವ ರೂಢಿಯಿದೆ. ನೋಟಕ್ಕೆ ರೇಸ್ ಕಾರಿನ ಗತ್ತು, ಆಕ್ಸಿಲರೇಟರ್ ಒತ್ತಿದರೆ ಬುಸುಗುಡುವ ಸದ್ದು. ಆದರೆ ಕಂಪನಿಯ ಡಬ್ಬಿ ಗಾಳಿ ಎಳೆಯುತ್ತಿದ್ದದ್ದು ಹೊರಗಿನಿಂದ. ಈ ಫಿಲ್ಟರ್ ಎಳೆಯುವುದು ಎಂಜಿನ್ ಪಕ್ಕದ ಕಾದ ಗಾಳಿಯನ್ನು. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇಕಡ 3ರಷ್ಟು ಇಳಿಯುತ್ತದೆ. ಗಾಳಿ ತೆಳುವಾದರೆ ಉರಿಯುವ ಪೆಟ್ರೋಲೂ ಕಡಿಮೆ, ಶಕ್ತಿಯೂ ಕಡಿಮೆ. ಸದ್ದು ಹೆಚ್ಚಿದ್ದನ್ನೇ ಕಾರಿನ ಮಾಲೀಕ ಬಲ ಹೆಚ್ಚಿತೆಂದು ನಂಬಿ ಸಂತೋಷಪಡುತ್ತಾನೆ.

ಇದು ಕೊನೆಗೂ ನಿರುಪದ್ರವಿ. ಅಪಾಯಕ್ಕೆ ದಾರಿಯಾಗುವುದು ಮುಚ್ಚುವ ಅಲಂಕಾರ. ರಬ್ಬರ್ ಹೋಸಿನ ಮೇಲೆ ತೆಳ್ಳನೆಯ ಉಕ್ಕಿನ ಬಲೆ ತೊಡಿಸಿ, ತುದಿಗೆ ನೀಲಿ ಕೆಂಪು ಟೋಪಿ ಹಾಕುವ ಕಿಟ್‌ಗಳು ದೀರ್ಘಕಾಲದಿಂದ ಮಾರಾಟವಾಗುತ್ತಿವೆ. ವಿಮಾನ ಮತ್ತು ರೇಸ್ ಕಾರುಗಳಲ್ಲಿ ಉಕ್ಕಿನ ಹೆಣಿಗೆ ಹೋಸಿನದೇ ಅಂಗ, ಒಳಗಿನ ಒತ್ತಡವನ್ನು ತಾಳಿಕೊಳ್ಳುವುದು ಅದೇ. ಈ ಕಿಟ್ಟಿನ ಬಲೆಗೆ ಆ ಶಕ್ತಿಯಿಲ್ಲ. ಬದಲಿಗೆ ಒಳಗಿನ ರಬ್ಬರ್ ಬಿರುಕು ಬಿಟ್ಟದ್ದು, ಉಬ್ಬಿದ್ದು ಕಣ್ಣಿಗೆ ಬೀಳದಂತೆ ಮಾಡುತ್ತದೆ. ಪಕ್ಕದ ವೈರಿಗೆ ಉಜ್ಜಿ ಉಜ್ಜಿ ಅದನ್ನು ಸವೆಸುವುದೂ ಉಂಟು. ಪೆಟ್ರೋಲ್ ಪೈಪಿನ ವಿಷಯದಲ್ಲಿ ಇದರ ಪರಿಣಾಮ ಬೆಂಕಿ. ಪೌಡರ್ ಕೋಟಿಂಗ್ ಒಳ್ಳೆಯ ಲೇಪ, ಆದರೆ ವಿದ್ಯುತ್ತನ್ನು ಹಾಯಗೊಡದು. ಅರ್ಥ್ ವೈರ್ ಕೂರುವ ಜಾಗವನ್ನೂ ಸೇರಿಸಿ ಬಳಿದುಬಿಟ್ಟರೆ ಸೆನ್ಸರುಗಳು ಒಂದೊಂದಾಗಿ ಹುಚ್ಚುಹುಚ್ಚಾಗಿ ಆಡತೊಡಗುತ್ತವೆ, ಕಾರಣ ಹುಡುಕುವ ಮೆಕ್ಯಾನಿಕ್ ಬೆವರು ಸುರಿಸುತ್ತಾನೆ. ಹೆಚ್ಚು ಗಡಸಿನ ಬೋಲ್ಟುಗಳಿಗೆ ಸರಿಯಾದ ವಿಧಾನವಿಲ್ಲದೆ ಕ್ರೋಮ್ ಹಾಕಿಸಿದರೆ, ಲೇಪದ ತೊಟ್ಟಿಯಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಇಳಿದು ಬೋಲ್ಟು ಪೆಡಸಾಗುತ್ತದೆ, ಬಿಗಿಮಾಡಿದ ಎಷ್ಟೋ ಹೊತ್ತಿನ ಮೇಲೆ ಫಟ್ಟನೆ ಮುರಿಯಬಹುದು.

ಇಲ್ಲಿ ಎದುರಾಗುವ ಮೊದಲ ಆಕ್ಷೇಪ: ಇಷ್ಟೆಲ್ಲ ತಾಪತ್ರಯವೇಕೆ? ಬಾನೆಟ್ ಮುಚ್ಚಿದರೆ ಏನೂ ಕಾಣುವುದಿಲ್ಲ, ಒಂದು ಕುದುರೆಶಕ್ತಿಯೂ ಹೆಚ್ಚುವುದಿಲ್ಲ, ಸುಮ್ಮನೆ ಎಂಜಿನ್ ಇದ್ದಂತೆ ಇರಲಿ. ಎಂಜಿನ್ ಇದ್ದಂತೆ ಇರುವುದಿಲ್ಲ ಎಂಬುದೇ ಉತ್ತರ. ಧೂಳು, ಎಣ್ಣೆಜಿಡ್ಡು ಸೇರಿ ಎಲ್ಲವೂ ಒಂದೇ ಬಣ್ಣವಾದ ಮೇಲೆ ಹೊಸ ಆಯಿಲ್ ಲೀಕ್ ಎಲ್ಲಿ ಶುರುವಾಯಿತೆಂದು ಹೇಳಲಾಗದು. ರೇಸ್ ಕಾರುಗಳ ಒಳಭಾಗಕ್ಕೆ ಬಿಳಿ ಅಥವಾ ತಿಳಿ ಬೂದು ಬಣ್ಣ ಹಚ್ಚುವುದರ ಹಿಂದೆ ಇದೇ ಉಪಾಯವಿದೆ: ಒಂದು ಹನಿ ಎಣ್ಣೆ ಬಿದ್ದರೂ ಅದು ಚಾಡಿ ಹೇಳುತ್ತದೆ. ಆಯುಧಪೂಜೆಯ ದಿನ ನಾವು ಗಾಡಿಯ ಮೈತೊಳೆದು, ಹೂವಿನ ಹಾರ ಹಾಕಿ, ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ವರ್ಷವಿಡೀ ದುಡಿದ ಎಂಜಿನ್ನಿಗೆ ಮಾತ್ರ ಬಾನೆಟ್ ಎತ್ತಿ ಬಟ್ಟೆಯಾಡಿಸುವವರು ಕಡಿಮೆ. ಹಾಗೆ ನೋಡಿದರೆ ತಮ್ಮ ಸ್ಪಾನರುಗಳನ್ನು ಒರೆಸಿ ಸಾಲಾಗಿ ಜೋಡಿಸಿ ಪೂಜಿಸುವ ಗ್ಯಾರೇಜಿನ ಹುಡುಗರೇ ಹಬ್ಬದ ಅರ್ಥಕ್ಕೆ ಹತ್ತಿರದವರು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಮುಚ್ಚುವುದು ಕೆಟ್ಟದ್ದು ಎಂದರೆ ಇಂದಿನ ಕಾರು ಕಂಪನಿಗಳೆಲ್ಲ ಎಂಜಿನ್ ಮೇಲೆ ಪ್ಲಾಸ್ಟಿಕ್ ಹಲಗೆ ಕೂರಿಸುವುದೇಕೆ? ಅದಕ್ಕೊಂದು ನಿಜವಾದ ಕೆಲಸವಿದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಈಗಿನ ಇಂಜೆಕ್ಟರುಗಳು ಟಿಕ್‌ಟಿಕ್ ಅನ್ನುತ್ತವೆ, ಹಲಗೆಯಡಿಯ ಸ್ಪಂಜು ಆ ಸದ್ದನ್ನು ನುಂಗುತ್ತದೆ. ಮನೆಮಂದಿಯ ಕಾರಿಗೆ ಇದು ಸರಿ. ಆದರೆ ಸ್ಪೋರ್ಟ್ಸ್ ಕಾರು ಕೊಳ್ಳುವವನು ಎಂಜಿನ್ನಿಗೇ ದುಡ್ಡು ಕೊಟ್ಟಿರುತ್ತಾನೆ. ಈ ಮಾತು ತಯಾರಕರಿಗೂ ಗೊತ್ತು. ಮಾಜ್ದಾ ಕಂಪನಿ 1989ರಲ್ಲಿ ಎಂಎಕ್ಸ್-5 ತಂದಾಗ, ತನ್ನದೇ ಸಾಧಾರಣ ಕಾರಿನ 1.6 ಲೀಟರ್ ಎಂಜಿನ್ನನ್ನು ಆಧಾರವಾಗಿಟ್ಟುಕೊಂಡಿತು, ಆದರೆ ಮೇಲಿನ ಅಲ್ಯೂಮಿನಿಯಂ ಮುಚ್ಚಳವನ್ನು ಅರವತ್ತರ ದಶಕದ ಯುರೋಪಿನ ಸ್ಪೋರ್ಟ್ಸ್ ಕಾರುಗಳನ್ನು ನೆನಪಿಸುವಂತೆ ಹೊಸದಾಗಿ ಎರಕ ಹೊಯ್ಯಿಸಿತು. ಕಾರ್ವೆಟ್ಟಿನ ಎಂಟನೇ ತಲೆಮಾರು 2020ರ ಮಾದರಿಯಾಗಿ ಬಂದಾಗ ಎಂಜಿನ್ ಮುಂದಿನಿಂದ ಸೀಟಿನ ಹಿಂದಕ್ಕೆ ಹೋಯಿತು, ಕೂಪೆ ಮಾದರಿಯಲ್ಲಿ ಅದರ ಮೇಲೆ ಗಾಜು ಬಂತು. ಒಳಗೆ ಕಾರ್ಬನ್ ಫೈಬರ್ ಹಲಗೆ ಮತ್ತು ದೀಪ ಬೇಕಾದವರಿಗೆ ಕಂಪನಿಯೇ ಹೆಚ್ಚಿನ ಬೆಲೆಗೆ ಒದಗಿಸಿತು. ಅಂಗಡಿಯವರ ಕಸುಬನ್ನು ಕಾರ್ಖಾನೆಯೇ ಕೈಗೆತ್ತಿಕೊಂಡಿದೆ. ಗಾಜಿನ ಕೆಳಗೂ ಕೆಲವು ಕಡೆ ಕಾಣುವುದು ಹಲಗೆಯೇ, ಎಂಜಿನ್ ಅಲ್ಲ ಎಂಬ ಕೊರತೆ ನನ್ನ ಮಟ್ಟಿಗೆ ಹಾಗೇ ಉಳಿದಿದೆ.

ಹಳೆಯ ಕಾರುಗಳ ನಿಷ್ಠರು ಇನ್ನೊಂದು ಕಡೆಯಿಂದ ತಕರಾರು ತೆಗೆಯುತ್ತಾರೆ. 1974ರಲ್ಲಿ ಶುರುವಾದ ಅಮೆರಿಕದ ರಾಷ್ಟ್ರೀಯ ಕಾರ್ವೆಟ್ ಜೀರ್ಣೋದ್ಧಾರಕರ ಸಂಘ ಕಾರುಗಳಿಗೆ ಅಂಕ ಕೊಡುವುದು ಅವು ಎಷ್ಟು ಹೊಳೆಯುತ್ತವೆ ಎಂದಲ್ಲ, ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿದ್ದವೋ ಹಾಗಿವೆಯೇ ಎಂದು ನೋಡಿ. ಅಂದು ಮಂಕಾಗಿದ್ದ ಭಾಗವನ್ನು ಇಂದು ಕನ್ನಡಿ ಮಾಡಿದರೆ ಅಂಕ ಹೋಗುತ್ತದೆ. ಅಪರೂಪದ ಕಾರುಗಳ ಮಟ್ಟಿಗೆ ಅವರದೇ ಸರಿ, ಅಂಥವು ದಾಖಲೆಪತ್ರದಂತೆ; ತಿದ್ದಬಾರದು. ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಕಾರಿನ ಒಡೆಯನಿಗೆ ಆ ಕಟ್ಟುಪಾಡು ಹೇರಬೇಕಿಲ್ಲ. ಹಳೆಯ ಭಾಗಗಳನ್ನು ಎತ್ತಿಟ್ಟುಕೊಂಡು, ಮತ್ತೆ ಬಿಚ್ಚಬಹುದಾದ ಅಲಂಕಾರ ಮಾಡಿದರೆ ಇಬ್ಬರ ಮಾತೂ ಉಳಿಯುತ್ತದೆ.

ನಮ್ಮಲ್ಲಿ ಇದಕ್ಕೊಂದು ಕಾನೂನಿನ ಗೆರೆಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ನಮೂದಾದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಮುಚ್ಚಳಕ್ಕೆ ಬಣ್ಣ, ಹೋಸಿಗೆ ಹೊಸ ಕ್ಲಿಪ್ಪು, ಬಫ್ ಮಾಡಿಸಿದ ಅಲ್ಯೂಮಿನಿಯಂ ಆರ್‌ಸಿಯ ವಿವರಗಳನ್ನು ಬದಲಿಸುವುದಿಲ್ಲ. ಆದರೆ ಎಂಜಿನ್ ನಂಬರ್ ಆ ವಿವರಗಳಲ್ಲೊಂದು. ಬ್ಲಾಕಿನ ಮೇಲೆ ಕೊರೆದ ಅಂಕಿಗಳು ದಪ್ಪ ಬಣ್ಣದಡಿ ಹೂತುಹೋದರೆ, ನಾಳೆ ಕಾರು ಮಾರುವಾಗ ಅದು ಕದ್ದ ಮಾಲಲ್ಲ ಎಂದು ತೋರಿಸಿಕೊಡುವ ಪಾಡು ನಿಮ್ಮದಾಗುತ್ತದೆ. ಸ್ಪ್ರೇ ಡಬ್ಬಿ ಕೈಗೆತ್ತಿಕೊಳ್ಳುವ ಮುನ್ನ ಆ ನಂಬರಿನ ಮೇಲೂ, ಅರ್ಥ್ ವೈರ್ ಕೂರುವ ಜಾಗದ ಮೇಲೂ ಮಾಸ್ಕಿಂಗ್ ಟೇಪ್ ಅಂಟಿಸಿ.