ಒಂಬತ್ತನೆಯ ಹಂತದ ಗುಳಿ

ಮುಂಗಾರು ಇನ್ನೂ ಮೊದಲಾಗಿರಲಿಲ್ಲ. ಆದರೆ ನೈರುತ್ಯದ ಗಾಳಿ ಎರೆಹೊಲಗಳ ಧೂಳನ್ನೆಲ್ಲ ಬಾಚಿಕೊಂಡು ಊರೊಳಕ್ಕೆ ನುಗ್ಗುತ್ತಿತ್ತು. ವಿಜಯಪುರ ಜಿಲ್ಲೆಯ ಗೊಳಸಂಗಿಯಲ್ಲಿ, ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ, ಪಿಯುಸಿ ಓದುವ ಹುಡುಗನೊಬ್ಬನು ಮೊಬೈಲಿನ ಮೇಲೆ ಬಾಗಿ ಕುಳಿತಿದ್ದನು. ಅವನು ಆಡುತ್ತಿದ್ದುದು ಗಾಲ್ಫ್. ಆ ಆಟದ ಮೈದಾನವನ್ನು ಅವನು ಕಣ್ಣಾರೆ ಕಂಡವನಲ್ಲ. ಆದರೂ ಎಂಟು ಹಂತಗಳನ್ನು ಸಲೀಸಾಗಿ ದಾಟಿದ್ದನು. ಒಂಬತ್ತನೆಯದರಲ್ಲಿ ವಾರದಿಂದ ಸಿಕ್ಕಿಬಿದ್ದಿದ್ದನು.

“ಇದು ಬೇಕಂತ ನನ್ನ ಸೋಲಸಾಕ್ಹತ್ತೈತ್ರಿ ಸರ” ಎಂದನು.

ಪಠ್ಯಪುಸ್ತಕಕ್ಕೆಂದು ಮನೆಯವರು ಕೊಟ್ಟಿದ್ದ ಐದುನೂರು ರೂಪಾಯಿಯಲ್ಲಿ ಆಟದ ಅಂಗಡಿಯಿಂದ ‘ಬಲವಾದ ಕೋಲು’ ಕೊಳ್ಳುವ ಯೋಚನೆ ಅವನಿಗಿತ್ತೆಂಬುದು ಮಾತಿನ ನಡುವೆ ಹೊರಬಿತ್ತು. ಮೂರು ಸಂಜೆ ತಡೆಯುವಂತೆ ಹೇಳಿ ನಾನೂ ಆಡಿ ನೋಡಿದೆ. ಭೌತವಿಜ್ಞಾನದ ಅಧ್ಯಾಪಕನೆಂಬ ಹಮ್ಮು ಮೊದಲ ಸಂಜೆಯೇ ಇಳಿಯಿತು: ಹನ್ನೊಂದು ಆಟ, ಹನ್ನೊಂದು ಸೋಲು. ಆ ಬಳಿಕವೇ ನಾವಿಬ್ಬರೂ ಒಂದು ನೋಟುಪುಸ್ತಕವನ್ನು ತೆರೆದೆವು.

ಗೋಲಿಯಾಟ ಬಲ್ಲವರಿಗೆ ಗಾಲ್ಫಿನ ತತ್ತ್ವವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಚೆಂಡನ್ನು ಆದಷ್ಟು ಕಡಮೆ ಹೊಡೆತಗಳಲ್ಲಿ ಗುಳಿಗೆ ಸೇರಿಸಬೇಕು, ಅಷ್ಟೆ. ಗುಳಿಯ ವ್ಯಾಸ 108 ಮಿಲಿಮೀಟರು. ಚೆಂಡಿನ ವ್ಯಾಸ 42.67 ಮಿಲಿಮೀಟರಿಗೆ ಕಡಮೆಯಿರಕೂಡದು. ನಮ್ಮ ನಾಡಿಗೆ ಈ ಆಟ ಹೊಸದೂ ಅಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಹುಟ್ಟಿದುದು 1876ರಲ್ಲಿ. ಅದೇ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ನಾಲ್ಕು ದಿನಗಳ ಆಟ ಮುಗಿದಾಗ ಪದಕಕ್ಕೂ ಅವರಿಗೂ ಇದ್ದ ಅಂತರ ಒಂದೇ ಒಂದು ಹೊಡೆತ! ಬಲುದೂರ ಹೊಡೆಯುವವರ ನಡುವೆ ಅವರನ್ನು ಅಲ್ಲಿಯವರೆಗೆ ಕೊಂಡೊಯ್ದದ್ದು ಗುಳಿಯ ಬಳಿಯ ಮೆಲುಹೊಡೆತಗಳ ನಿಖರತೆ.

ಆ ಮೆಲುಹೊಡೆತವನ್ನೇ ತುಸು ಲೆಕ್ಕ ಹಾಕಿ ನೋಡೋಣ. ಗುಳಿಯ ಬಾಯಿಯನ್ನು ನಟ್ಟನಡುವೆ ದಾಟುವ ಚೆಂಡು ಎದುರಂಚಿಗೆ ತಾಗುವ ಮುನ್ನ ತನ್ನ ತ್ರಿಜ್ಯದಷ್ಟು, ಅಂದರೆ ಸುಮಾರು 21 ಮಿಲಿಮೀಟರು, ಕೆಳಗಿಳಿದಿರಬೇಕು. ಅಷ್ಟು ಬೀಳಲು ಗುರುತ್ವಾಕರ್ಷಣಕ್ಕೆ ಬೇಕಾದ ಕಾಲ 0.066 ಸೆಕೆಂಡು. ಆ ಅವಧಿಯಲ್ಲಿ ಚೆಂಡು ಮುಂದೆ ಸಾಗಲು ಇರುವ ಎಡೆ 87 ಮಿಲಿಮೀಟರು ಮಾತ್ರ. ಆದುದರಿಂದ ಗುಳಿಯನ್ನು ತಲುಪುವಾಗ ಚೆಂಡಿನ ವೇಗ ಸೆಕೆಂಡಿಗೆ ಸುಮಾರು 1.3 ಮೀಟರನ್ನು ಮೀರಬಾರದು. (ಹಿಂದಿನ ಅಂಚಿಗೆ ಬಡಿದು, ನೆಗೆದು, ಮರಳಿ ಒಳಗೆ ಬೀಳುವ ಅದೃಷ್ಟದ ಚೆಂಡುಗಳನ್ನು ಸದ್ಯಕ್ಕೆ ಬಿಡೋಣ.)

ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಉರುಳುವ ಚೆಂಡು ಪ್ರತಿ ಸೆಕೆಂಡಿಗೆ 0.55 ಮೀಟರಿನಷ್ಟು ವೇಗ ಕಳೆದುಕೊಳ್ಳುತ್ತದೆಂದು ಇಟ್ಟುಕೊಳ್ಳಿ. ಗುಳಿ 2 ಮೀಟರು ದೂರದಲ್ಲಿದ್ದರೆ ಹೊರಡುವ ವೇಗ 1.48ರಿಂದ 1.97ರವರೆಗೆ ಎಷ್ಟಿದ್ದರೂ ಚೆಂಡು ಒಳಗೆ ಬೀಳುತ್ತದೆ. ಸುಮಾರು ಅರ್ಧ ಮೀಟರಿನ ಸಡಿಲಿಕೆ ನಮಗುಂಟು. ದೂರ 10 ಮೀಟರಾದರೆ? ವೇಗ 3.32 ಮತ್ತು 3.56ರ ನಡುವೆಯೇ ಇರಬೇಕು. ಸಡಿಲಿಕೆ ಅರ್ಧಕ್ಕಿಳಿಯಿತು. ದಿಕ್ಕಿನ ವಿಷಯದಲ್ಲಂತೂ 2 ಮೀಟರಿನಲ್ಲಿ ಎಡಬಲಕ್ಕೆ ಒಂದೂವರೆ ಡಿಗ್ರಿ ತಪ್ಪಬಹುದಾಗಿದ್ದರೆ, 10 ಮೀಟರಿನಲ್ಲಿ 0.3 ಡಿಗ್ರಿಗಿಂತ ಹೆಚ್ಚು ತಪ್ಪುವಂತಿಲ್ಲ. ವೇಗದಲ್ಲಿ ಅರ್ಧ, ದಿಕ್ಕಿನಲ್ಲಿ ಐದರಲ್ಲೊಂದು. ಎರಡೂ ಒಟ್ಟಿಗೆ ಸರಿಯಾಗಬೇಕಾದುದರಿಂದ ನಮಗುಳಿಯುವ ಅವಕಾಶ ಹತ್ತರಲ್ಲೊಂದು. ದೂರ ಬೆಳೆದುದು ಐದು ಪಟ್ಟು, ಕಷ್ಟ ಬೆಳೆದುದು ಹತ್ತು ಪಟ್ಟು!

ಹುಡುಗನು ಇದನ್ನು ಎರಡು ಸಲ ಗುಣಿಸಿ ನೋಡಿದನು. ‘ಬೇಕಂತ ಸೋಲಿಸುತ್ತದೆ’ ಎಂಬ ಅವನ ದೂರಿಗೆ ಅರ್ಧ ಉತ್ತರ ಅಲ್ಲಿ ಸಿಕ್ಕಿತು. ಮೆಟ್ಟಿಲುಗಳನ್ನು ಒಂದು, ಎರಡು, ಮೂರು ಎಂದು ಎಣಿಸಿದ ಮಾತ್ರಕ್ಕೆ ಅವುಗಳ ಎತ್ತರ ಸಮನಾಗಿರಬೇಕೆಂದಿಲ್ಲ.

ಉಳಿದರ್ಧ ಉತ್ತರ ಗಣಿತದಲ್ಲಿಲ್ಲ, ಆಟದ ಏರ್ಪಾಡಿನಲ್ಲಿದೆ. ಇಂಥ ಅನೇಕ ಆಟಗಳು ಆಟಗಾರನಿಗೆ ಅವನಷ್ಟೇ ಬಲ್ಲ ಎದುರಾಳಿಯನ್ನು ಹುಡುಕಿಕೊಡುತ್ತವೆ. ಚದುರಂಗದ ಆಟಗಾರರಿಗೆ ಅಂಕ ಕೊಡಲು ಆರ್ಪಡ್ ಎಲೋ ಎಂಬ ಭೌತವಿಜ್ಞಾನಿ ರೂಪಿಸಿದ ಪದ್ಧತಿಯನ್ನು ಅಂತರರಾಷ್ಟ್ರೀಯ ಚದುರಂಗ ಒಕ್ಕೂಟ 1970ರಲ್ಲಿ ಅಂಗೀಕರಿಸಿತು. ಸಮಬಲರನ್ನು ಹುಡುಕುವ ಇಂದಿನ ಹಲವು ಲೆಕ್ಕಾಚಾರಗಳು ಅದರ ಸಂತಾನವೇ. ಸಮಬಲರು ಸೆಣಸಿದರೆ ಇಬ್ಬರೂ ಸುಮಾರು ಅರ್ಧ ಆಟಗಳನ್ನು ಸೋಲಲೇಬೇಕಷ್ಟೆ. ಚೆನ್ನಾಗಿ ಕಲಿತವನಿಗೂ ಸೋಲು ಕಡಮೆಯಾಗದು, ಎದುರಾಳಿ ಬಲವಾಗುತ್ತಾನೆ. ಅಂಗಡಿಯ ಗುಂಡಿ ಮಿನುಗುವುದು ಮಾತ್ರ ಸೋಲು ನೋಯುವ ಆ ಗಳಿಗೆಯಲ್ಲೇ! ಅದನ್ನು ಆಕಸ್ಮಿಕವೆಂದು ನಾನು ನಂಬುವುದಿಲ್ಲ. ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರಲ್ಲಿ ಮಾಡಿತು. ಕೋಲು ಮಾರುವ ಅಂಗಡಿಯ ಮಾತು ಬೇರೆ, ಅಲ್ಲಿ ಕಾವಲು ನಾವೇ.

ಎರಡನೆಯ ಸಂಜೆ ಗೆಲ್ಲುವ ಆಸೆಯನ್ನು ಬದಿಗಿಟ್ಟು ಅಳೆಯಲು ಕುಳಿತೆವು. ಒಂದೇ ಕೋಲು, ಒಂದೇ ಗುರಿ, ಬದಲಾಗುವುದು ಗಾಳಿಯೊಂದೇ. ಗಾಳಿಯ ಅಂಕ ಇಮ್ಮಡಿಯಾದಾಗ ಚೆಂಡು ಪಕ್ಕಕ್ಕೆ ಸರಿಯುವುದೂ ಸುಮಾರು ಇಮ್ಮಡಿಯಾಗುತ್ತಿತ್ತು. ಕ್ರಮವಿಧಿಯನ್ನು ಬರೆದವರು ಸರಳ ಅನುಪಾತವನ್ನಿಟ್ಟಿದ್ದರೆಂದು ತೋರುತ್ತದೆ. ಇನ್ನೊಂದು ಅಂಶ ಹೆಚ್ಚು ಉಪಯೋಗಕ್ಕೆ ಬಂದಿತು. ಒಂದೇ ಸಮನೆ ಒತ್ತುವ ಬಲದಿಂದ ಉಂಟಾಗುವ ಸರಿತ ಕಾಲದ ವರ್ಗದಂತೆ ಬೆಳೆಯುತ್ತದೆಂದು ನೀವು ಓದಿದ್ದೀರಿ. ಹೀಗಿರುವುದರಿಂದ ಚೆಂಡು ಗಾಳಿಯಲ್ಲಿರುವ ಕಾಲವನ್ನು ಅರ್ಧ ಮಾಡಿದರೆ ಅಡ್ಡಗಾಳಿಯ ಕೇಡು ಕಾಲುಭಾಗಕ್ಕೆ ಇಳಿಯಬೇಕು. ಅಲ್ಲಿಯವರೆಗೆ ಹುಡುಗನು ಚೆಂಡನ್ನು ಮುಗಿಲಿಗೆ ಹಾರಿಸುತ್ತಿದ್ದನು; ಅಂದಿನಿಂದ ತಗ್ಗಾಗಿ ಹೊಡೆಯತೊಡಗಿದನು.

ಕೊನೆಗುಳಿದದ್ದು ಮುಳ್ಳು. ಅತ್ತಿತ್ತ ತೂಗುವ ಮುಳ್ಳು ನಡುಗೆರೆಗೆ ಬಂದಾಗ ಬೆರಳನ್ನು ಎತ್ತಬೇಕು. ಹಂತ ಏರಿದಂತೆ ಅದರ ಓಟ ಚುರುಕಾಗುತ್ತದೆ. ಕಣ್ಣು ಕಂಡುದಕ್ಕೆ ಕೈ ಓಗೊಡಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು. ಮುಳ್ಳು ಗೆರೆಯನ್ನು ಮುಟ್ಟಿದುದನ್ನು ನೋಡಿ ಬೆರಳೆತ್ತಿದರೆ ಅದಾಗಲೇ ಮುಂದೆ ಹೋಗಿರುತ್ತದೆ. ಎಷ್ಟೇ ಕಣ್ಣರಳಿಸಿದರೂ ಈ ಮಿತಿಯನ್ನು ದಾಟಲಾಗದು. ದಾರಿ ಒಂದೇ: ನೋಡುವುದನ್ನು ಬಿಟ್ಟು ಲಯವನ್ನು ಹಿಡಿಯುವುದು.

“ನಿಮ್ಮವ್ವ ರೊಟ್ಟಿ ಬಡಿಯುವಾಗ ಪ್ರತಿ ಬಡಿತಕ್ಕೂ ಕೈ ನೋಡ್ತಾಳೇನೊ?” ಎಂದು ಕೇಳಿದೆ.

ಅವನು ನಕ್ಕು, ಕಟ್ಟೆಯ ಕಲ್ಲಿನ ಮೇಲೆ ಅಂಗೈಯಿಂದ ತಾಳ ಹಾಕತೊಡಗಿದನು. ಮುಳ್ಳಿನ ತೂಗಾಟಕ್ಕೆ ಆ ತಾಳ ಕೂಡಿಕೊಳ್ಳಲು ಅರ್ಧ ಗಂಟೆಯೇ ಹಿಡಿಯಿತು. ಅಂದು ಅವನು ಸೋತ ಆಟಗಳೇ ಹೆಚ್ಚು. ಆದರೆ ಪ್ರತಿ ಸೋಲಿನ ಮುಂದೆ ‘ಬಲಕ್ಕೆ ಎರಡು’, ‘ವೇಗ ಹೆಚ್ಚು’ ಎಂದು ಕಾರಣವನ್ನು ಬರೆಯುತ್ತಿದ್ದನು.

ಮೂರನೆಯ ಸಂಜೆ ನಾನು ಕಟ್ಟೆಗೆ ತಡವಾಗಿ ಹೋದೆ. ಒಂಬತ್ತನೆಯ ಹಂತ ಮುಗಿದಿತ್ತು, ಹಳೆಯ ಕೋಲಿನಿಂದಲೇ. ಹೊಸ ಭೌತವಿಜ್ಞಾನದ ಪುಸ್ತಕ ಪಕ್ಕದಲ್ಲಿ ಬಿದ್ದಿತ್ತು. ಅದರ ಮೇಲೆ ಮೊಬೈಲಿತ್ತು. ನನ್ನನ್ನು ಕಂಡು ಅವನು ತಲೆಯೆತ್ತಿದನು.

“ಹತ್ತನೇದ್ರಾಗ ಗಾಳಿ ಹಿಂದಿಂದ ಬರತೈತ್ರಿ ಸರ, ನೆಲಾನೂ ಇಳಿಜಾರ ಐತಿ” ಎನ್ನುತ್ತ ನೋಟುಪುಸ್ತಕದಲ್ಲಿ ಹೊಸ ಹಾಳೆಯನ್ನು ತಿರುವಿದನು.