ಕಾಲಲ್ಲಿ ಚೆಂಡು, ಕೈಯಲ್ಲಿ ಮಾರ್ಕ್ಸ್‌ಕಾರ್ಡ್

ರೋಣ, ನರಗುಂದ, ಗಜೇಂದ್ರಗಡದ ಕಡೆ ಮಕ್ಕಳ ಆಟ ಎಂದರೆ ಕ್ರಿಕೆಟ್, ಕಬಡ್ಡಿ. ಆದರೆ ವ್ಯಾಪಾರಕ್ಕೆಂದು ಕರಾವಳಿಯಿಂದ ಇತ್ತ ಬಂದ ನಮ್ಮವರ ಮನೆಗಳಲ್ಲಿ ಫುಟ್ಬಾಲ್ ಹುಚ್ಚು ಇನ್ನೂ ಉಂಟು. ವಿಶ್ವಕಪ್ ಬಂದರೆ ಬಾಪನಿಗೂ ನಿದ್ದೆ ಇಲ್ಲ, ಮಗನಿಗೂ ಇಲ್ಲ. ಈಗ ಉಮ್ಮಂದಿರು ನಮ್ಮನ್ನು ಕೇಳುವ ಪ್ರಶ್ನೆ ಬೇರೆ: "ಉಸ್ತಾದರೇ, ಮಗ ಫುಟ್ಬಾಲ್ ಅಕಾಡೆಮಿಗೆ ಸೇರುತ್ತೇನೆ ಅಂತಾನೆ. ಶಾಲೆ ಬಿಡಿಸಿ ಕಳಿಸಬಹುದಾ?"

ಶಾಲೆ ಬಿಡಿಸುವ ಮಾತೇ ಬೇಡ. ಅಕಾಡೆಮಿ ಎಂದರೆ ಏನು ಎಂದು ಮೊದಲು ತಿಳಿಯಬೇಕು. ಬೋರ್ಡಿನಲ್ಲಿ ಎಲ್ಲರೂ ಅದೇ ಹೆಸರು ಬರೆಯುತ್ತಾರೆ. ತಿಂಗಳ ಫೀಸು ಕೊಟ್ಟು ಸಂಜೆ ಒಂದು ಗಂಟೆ ಕಲಿಯುವುದು ಒಂದು ಬಗೆ. ಅದು ಟ್ಯೂಷನ್ ಇದ್ದ ಹಾಗೆ, ಹಣ ಕೊಟ್ಟವರಿಗೆಲ್ಲ ಸೀಟು. ಇನ್ನೊಂದು ವಸತಿ ಅಕಾಡೆಮಿ. ಅಲ್ಲಿ ಟ್ರಯಲ್ಸ್ ನಡೆಸಿ ನೂರಾರು ಮಕ್ಕಳಲ್ಲಿ ಬೆರಳೆಣಿಕೆಯವರನ್ನು ಆರಿಸಿ, ಊಟ, ಹಾಸ್ಟೆಲ್, ಶಾಲೆ, ತರಬೇತಿ ಒಂದೇ ಕಡೆ ಕೊಡುತ್ತಾರೆ. ಪ್ರೊಫೆಷನಲ್ ಆಟಗಾರರು ಹೆಚ್ಚಾಗಿ ಬರುವುದು ಈ ಎರಡನೆಯದರಿಂದ.

ಅಂಥದ್ದು ನಮಗೆ ಬಹಳ ದೂರವೇನಿಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ ಜೆಎಸ್‌ಡಬ್ಲ್ಯು ಕಂಪನಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಲ್ಲಿ ತೆರೆಯಿತು. ಅದೇ ಕಂಪನಿಯ ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿಯನ್ನು ಅಲ್ಲೇ ನಡೆಸಿತು. ಗದಗದಲ್ಲಿ ರೈಲು ಹತ್ತಿದರೆ ಕೊಪ್ಪಳ, ಹೊಸಪೇಟೆ ದಾಟಿ ತೋರಣಗಲ್ಲು. ಈ ಕ್ಲಬ್ಬಿನ ಕಿರಿಯರ ತಂಡ 2022ರಲ್ಲಿ ಮೊದಲ ರಿಲಯನ್ಸ್ ಡೆವಲಪ್‌ಮೆಂಟ್ ಲೀಗ್ ಗೆದ್ದು ಇಂಗ್ಲೆಂಡಿಗೂ ಹೋಗಿ ಆಡಿ ಬಂತು. ಅಕಾಡೆಮಿಯಲ್ಲೇ ಬೆಳೆದ ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶ್ 2024ರ ಸೆಪ್ಟೆಂಬರಿನಲ್ಲಿ, 19ನೇ ವಯಸ್ಸಿಗೆ, ಐಎಸ್‌ಎಲ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೋಲು ಹೊಡೆದ. ಪಂದ್ಯದ ಏಕೈಕ ಗೋಲು ಅದು.

ಈ ದಾರಿ ಹೊಸದೂ ಅಲ್ಲ. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಕಲಿತು, 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿ ಸೇರಿ, 1993ರಲ್ಲಿ ಈಸ್ಟ್ ಬೆಂಗಾಲ್‌ಗೆ ಹೋದರು, ಮುಂದೆ ಭಾರತ ತಂಡದ ನಾಯಕರಾದರು. 2020ರಲ್ಲಿ ತೀರಿಕೊಂಡರು.

ಒಳಗೆ ನಡೆಯುವ ಕೆಲಸ ನಿಧಾನದ್ದು. ಹತ್ತು ವರ್ಷದೊಳಗಿನ ಮಕ್ಕಳಿಗೆ ಸಣ್ಣ ಮೈದಾನ, ತಂಡಕ್ಕೆ ಐದಾರು ಮಂದಿ. ಚೆಂಡು ಪ್ರತಿಯೊಬ್ಬನ ಕಾಲಿಗೂ ಮತ್ತೆ ಮತ್ತೆ ಸಿಗಬೇಕು, ಅಷ್ಟೆ. ಹನ್ನೆರಡು, ಹದಿಮೂರಕ್ಕೆ ಎಡಗಾಲು, ಬಲಗಾಲು ಎರಡನ್ನೂ ಪಳಗಿಸುವುದು, ಚೆಂಡು ಬರುವ ಮೊದಲೇ ತಲೆಯೆತ್ತಿ ಸುತ್ತ ನೋಡುವುದು. ಹದಿನೈದರ ನಂತರ ಮೈಕಟ್ಟು, ಊಟದ ಲೆಕ್ಕ, ತನ್ನದೇ ಆಟದ ವಿಡಿಯೋ ನೋಡಿ ತಪ್ಪು ಹುಡುಕುವುದು, ವಯೋಮಿತಿಯ ಲೀಗ್. ಕೊನೆಗೆ ಕ್ಲಬ್ಬಿನ ಎರಡನೇ ತಂಡ, ಅಲ್ಲಿಂದ ಕೆಲವರು ಮಾತ್ರ ಮೊದಲ ತಂಡಕ್ಕೆ. ಪ್ರತಿ ವರ್ಷ ಕೆಲವರನ್ನು "ಸಾಕು, ಮನೆಗೆ ಹೋಗು" ಎಂದು ಕಳಿಸುತ್ತಾರೆ. ಹದಿನಾರರಲ್ಲಿ ಹಾಗೆ ವಾಪಸು ಬರುವ ಹುಡುಗನ ಕೈಯಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ಇಲ್ಲದಿದ್ದರೆ ಅವನ ಗತಿ? ನಮಗೆ ಹೆದರಿಕೆ ಅದೊಂದೇ.

ಓದಿದರೆ ಬಾಗಿಲು ಮುಚ್ಚುತ್ತದೆ ಎನ್ನುವುದು ಸುಳ್ಳು. ಅಲ್ ಐನ್‌ನಲ್ಲಿ ಹುಟ್ಟಿ, ಅಬುಧಾಬಿಯ ಅಕಾಡೆಮಿಯಲ್ಲಿ ಆಟ ಕಲಿತ ಸಹಲ್ ಅಬ್ದುಲ್ ಸಮದ್ ಊರಿಗೆ ಬಂದು ಕಣ್ಣೂರಿನಲ್ಲಿ ಕಾಲೇಜು ಸೇರಿದರು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, ಕೇರಳದ ಪರ ಸಂತೋಷ್ ಟ್ರೋಫಿ ಆಡಿ, ಕೇರಳ ಬ್ಲಾಸ್ಟರ್ಸ್‌ಗೆ, ಭಾರತ ತಂಡಕ್ಕೆ ಬಂದರು.

ಇನ್ನು ಕಾಗದದ ವಿಷಯ. ನಮ್ಮಲ್ಲಿ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದ್ದು! ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಕು ಅದು. ಫುಟ್ಬಾಲಿನಲ್ಲಿ ಇದು ನಡೆಯದು. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ಹೆಚ್ಚು ಬಂದರೆ ಆ ವಯೋಮಿತಿಯಲ್ಲಿ ಆಡುವ ಹಾಗಿಲ್ಲ. ಜನನ ಪ್ರಮಾಣಪತ್ರ ಈಗಲೇ ಸರಿಮಾಡಿಸಿ.

ಹಣ ಕೇಳುವವರ ಬಗ್ಗೆಯೂ ಎಚ್ಚರ ಬೇಕು. "ಸ್ಪೇನಿಗೆ ಕಳಿಸುತ್ತೇವೆ, ಇಷ್ಟು ಲಕ್ಷ ಕೊಡಿ" ಎಂದರೆ ಒಂದು ಮಾತು ನೆನಪಿರಲಿ. ಹದಿನೆಂಟು ತುಂಬದ ಆಟಗಾರ ದೇಶ ದಾಟಿ ಕ್ಲಬ್ ಬದಲಿಸುವುದನ್ನು ಫಿಫಾ ನಿಯಮ ಕೆಲವು ವಿನಾಯಿತಿ ಬಿಟ್ಟರೆ ಒಪ್ಪುವುದಿಲ್ಲ. ಊರಿನ ಅಕಾಡೆಮಿಯಾದರೂ ಕೇಳಿ: ರಾಜ್ಯ ಸಂಸ್ಥೆಯಲ್ಲಿ ನೋಂದಣಿ ಉಂಟಾ? ಯಾವ ಲೀಗಿನಲ್ಲಿ ಆಡುತ್ತೀರಿ? ಶಾಲೆ ಯಾವುದು? ಗಾಯವಾದರೆ ಖರ್ಚು ಯಾರದು? ಶುಕ್ರವಾರದ ಜುಮಾಕ್ಕೆ, ರಮಝಾನಿನ ಉಪವಾಸಕ್ಕೆ ಹೇಗೆ ಹೊಂದಿಸುತ್ತೀರಿ? ಇದನ್ನು ಕೇಳಲು ನಾಚಿಕೆ ಬೇಡ. ಉತ್ತರ ಬರಹದಲ್ಲೇ ಪಡೆಯಿರಿ.

ಅಲ್ಲಿಯವರೆಗೆ ಇಲ್ಲೇ ಆಡಲಿ. ನಮ್ಮ ಎರೆ ಮಣ್ಣು ಮಳೆಗೆ ಬೂಟಿಗೆ ಮುದ್ದೆಯಾಗಿ ಅಂಟುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಆಟಕ್ಕೆ ಸುಲಭದ ನೆಲವಲ್ಲ. ಆದರೂ ಶಾಲೆಯ ಅಂಗಳದಲ್ಲಿ ನಾಲ್ಕು ಕಲ್ಲು ಇಟ್ಟರೆ ಐದೈದು ಮಂದಿಯ ಆಟಕ್ಕೆ ಜಾಗ ಸಾಕು. ಮಗನಿಗೆ ಹನ್ನೆರಡಾಗುವವರೆಗೆ ಬೇಕಾದದ್ದು ಅಷ್ಟೇ. ಟ್ರಯಲ್ಸ್ ಪ್ರಕಟಣೆ ಬಂದಾಗ ಮಾತ್ರ ಅಂಗಡಿ ಒಂದು ದಿನ ಮುಚ್ಚಿ, ಬಾಪನೇ ಜೊತೆಗೆ ಹೋಗಿ ಹಾಸ್ಟೆಲ್ಲು, ಅಡುಗೆಮನೆ ಕಣ್ಣಾರೆ ನೋಡಿ ಬರಲಿ.